ಬಂಪರ್ ನೆಗ್ಗಿಗೆ ಕುದಿಯುವ ನೀರು: ಫಾರ್ವರ್ಡ್ ವಿಡಿಯೊದಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು?

ನಿಮ್ಮ ವಾಟ್ಸಾಪ್‌ಗೂ ಈ ವಿಡಿಯೊ ಬಂದಿರಬಹುದು. ಕಾರಿನ ಹಿಂದಿನ ಬಂಪರ್ ಒಂದು ಕಡೆ ಬಟ್ಟಲಿನಂತೆ ಒಳಗೆ ಹೋಗಿರುತ್ತದೆ. ಒಬ್ಬರು ಅದರ ಮೇಲೆ ಕುದಿಯುವ ನೀರು ಸುರಿದು, ಒಳಗಿನಿಂದ ಕೈ ಹಾಕಿ ಒತ್ತುತ್ತಾರೆ. 'ಟಪ್' ಎಂದು ನೆಗ್ಗು ಹೊರಗೆ ಬರುತ್ತದೆ. ಮರುಕ್ಷಣ ಇನ್ನೊಂದು ತುಣುಕು: ಒಡೆದ ಬಂಪರಿಗೆ ಸೂಪರ್ ಗ್ಲೂ ಹಾಕಿ, ಮೇಲೆ ಅಡುಗೆ ಸೋಡಾ ಉದುರಿಸಿ, ಉಜ್ಜಿ ಬಣ್ಣ ಹೊಡೆದರೆ ಹೊಸದರಂತೆ. ಕೊನೆಗೆ ಗೀರಿಗೆ ಟೂತ್‌ಪೇಸ್ಟ್. ಗ್ಯಾರೇಜಿಗೆ ದುಡ್ಡು ಸುರಿಯಬೇಡಿ, ಎಲ್ಲರಿಗೂ ಕಳಿಸಿ ಎಂಬ ಒಕ್ಕಣೆ ಬೇರೆ.

ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೊಂದಿಕೊಂಡಿರುವ ಉಗರಗೋಳದಂಥ ಊರಿನವರಿಗೆ ಇದು ಬರೀ ಟೈಂಪಾಸ್ ವಿಡಿಯೊ ಅಲ್ಲ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಬಂತೆಂದರೆ ಕರ್ನಾಟಕದ ಮೂಲೆಮೂಲೆಯಿಂದ, ಮಹಾರಾಷ್ಟ್ರ, ಗೋವಾಗಳಿಂದ ಜನ ಬರುತ್ತಾರೆ. ಚಕ್ಕಡಿ, ಟ್ರ್ಯಾಕ್ಟರ್, ಟೆಂಪೊ, ಬಸ್ಸು, ಕಾರು ಎಲ್ಲವೂ ಒಂದೇ ಹಾದಿಯಲ್ಲಿ. ಗಾಡಿ ನಿಲ್ಲಿಸುವ ಬಯಲಿನಲ್ಲಿ ಹಿಂದಕ್ಕೆ ಬರುವ ಟ್ರೇಲರ್‌ನ ಮೂಲೆ ತಾಗಿತೋ, ಬಂಪರ್ ಹೋಯಿತು. ಕಂಪನಿಯ ಸರ್ವಿಸ್ ಸೆಂಟರ್ ಬೇಕೆಂದರೆ ಧಾರವಾಡ, ಹುಬ್ಬಳ್ಳಿ ಇಲ್ಲವೇ ಬೆಳಗಾವಿಗೆ ಹೋಗಬೇಕು. ಹೀಗಿರುವಾಗ "ಬಂಪರ್ ಒಳಗ ಹೋಗೇತಿ, ಬಿಸಿನೀರು ಹಾಕಿದ್ರ ಹೊರಗ ಬರ್ತೈತೇನ್ರಿ?" ಎಂಬ ಪ್ರಶ್ನೆ ಬರುವುದು ಸಹಜವೇ.

ಒಂದೇ ಮಾತಿನಲ್ಲಿ ಹೇಳುವುದಾದರೆ, ವಿಡಿಯೊದ ಮೊದಲ ಭಾಗ ಬಹುಪಾಲು ನಿಜ, ಎರಡನೆಯದು ಬಹುಪಾಲು ಸುಳ್ಳು. ಎರಡರಲ್ಲೂ ಹೇಳದೇ ಬಿಟ್ಟಿರುವ ಕೆಲವು ಸಂಗತಿಗಳು ಮೈ ಸುಡಬಲ್ಲವು, ಜೇಬನ್ನೂ ಸುಡಬಲ್ಲವು. ಒಂದೊಂದಾಗಿ ನೋಡೋಣ.

ನೀವು ಬಂಪರ್ ಎನ್ನುವುದು ನಿಜವಾಗಿ ಬಂಪರ್ ಅಲ್ಲ

ಅಂಬಾಸಿಡರ್ ಓಡಿಸಿದ ಹಿರಿಯರು ಇಂದಿನ ಕಾರುಗಳನ್ನು ನೋಡಿ ನಗುತ್ತಾರೆ. ಆಗ ಕಬ್ಬಿಣದ ಬಂಪರ್, ಈಗ ಡಬ್ಬಿಯಂಥ ಪ್ಲಾಸ್ಟಿಕ್, ಕಂಪನಿಯವರು ಮೋಸ ಮಾಡುತ್ತಿದ್ದಾರೆ ಎಂಬುದು ಅವರ ದೂರು. ಆದರೆ ಕಣ್ಣಿಗೆ ಕಾಣುವ ಪ್ಲಾಸ್ಟಿಕ್ ಭಾಗ ಕೇವಲ ಹೊದಿಕೆ. ಅದನ್ನು ಬಂಪರ್ ಕವರ್ ಎನ್ನುತ್ತಾರೆ. ಅದರ ಹಿಂದೆ ಹಲವು ಕಾರುಗಳಲ್ಲಿ ಹೊಡೆತ ಹೀರಿಕೊಳ್ಳುವ ನೊರೆಯಂಥ ಪ್ಲಾಸ್ಟಿಕ್ ದಿಂಬು ಇರುತ್ತದೆ, ಅದರ ಹಿಂದೆ ಉಕ್ಕಿನ ಅಥವಾ ಅಲ್ಯೂಮಿನಿಯಂನ ಅಡ್ಡಪಟ್ಟಿ ಇರುತ್ತದೆ. ಡಿಕ್ಕಿಯ ಹೊಡೆತ ತಾಳುವ ಕೆಲಸ ಆ ಪಟ್ಟಿಯದು. ಹೊದಿಕೆಯ ಕೆಲಸ ಗಾಳಿಯನ್ನು ಸರಿಯಾಗಿ ಹರಿಸುವುದು, ಚಂದ ಕಾಣುವುದು, ಪಾದಚಾರಿಗೆ ತಾಗಿದರೆ ಕಬ್ಬಿಣದಷ್ಟು ಗಾಯ ಮಾಡದಿರುವುದು. ಫ್ರಾನ್ಸಿನ ರೆನೋ 5 ಕಾರು 1972ರಲ್ಲೇ ಪ್ಲಾಸ್ಟಿಕ್ ಬಂಪರ್ ಹಾಕಿಕೊಂಡು ಬಂದಿತ್ತು, ಅಂದರೆ ಇದು ನಿನ್ನೆ ಮೊನ್ನೆಯ ಉಳಿತಾಯದ ಉಪಾಯವೇನಲ್ಲ.

ಹೊದಿಕೆ ಮೆತ್ತಗಿದೆ ಎಂದು ಅದರ ಮುಂದೆ ಉಕ್ಕಿನ ಗಾರ್ಡ್ ಹಾಕಿಸುವವರಿದ್ದಾರೆ. 2017ರ ಡಿಸೆಂಬರ್‌ನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಎಲ್ಲ ರಾಜ್ಯಗಳಿಗೂ ಪತ್ರ ಬರೆದು, ಇಂಥ ಗಾರ್ಡ್‌ಗಳು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿಗೆ ವಿರುದ್ಧ, ಕ್ರಮ ಕೈಗೊಳ್ಳಿ ಎಂದು ತಿಳಿಸಿತ್ತು. ಕಾನೂನು ಬದಿಗಿರಲಿ. ಗಾರ್ಡನ್ನು ನೇರವಾಗಿ ಚಾಸಿಗೆ ಬಿಗಿದರೆ, ಮಡಚಿಕೊಳ್ಳುತ್ತಾ ಹೊಡೆತ ಹೀರಬೇಕಾದ ಭಾಗವನ್ನು ದಾಟಿ ಹೊಡೆತ ನೇರವಾಗಿ ಒಳಗೆ ಹೋಗುತ್ತದೆ. ಏರ್‌ಬ್ಯಾಗ್ ಸೆನ್ಸರ್‌ನ ಲೆಕ್ಕಾಚಾರವೂ ಏರುಪೇರಾಗಬಹುದು.

'ಫೈಬರ್' ಅಲ್ಲ, ಪಿಪಿ

ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಇದಕ್ಕೆ 'ಫೈಬರ್ ಬಂಪರ್' ಎಂದೇ ಹೆಸರು. ಆದರೆ ಹೆಚ್ಚಿನ ಕಾರುಗಳ ಬಂಪರಿನಲ್ಲಿ ಫೈಬರ್ ಗ್ಲಾಸ್ ಇರುವುದಿಲ್ಲ. ಹೊದಿಕೆಯ ಒಳಬದಿ ನೋಡಿದರೆ ಎರಡು ಬಾಣದ ಗುರುತಿನ ನಡುವೆ ಚಿಕ್ಕ ಇಂಗ್ಲಿಷ್ ಅಕ್ಷರಗಳಲ್ಲಿ ಅಚ್ಚೊತ್ತಿರುತ್ತಾರೆ: ಪಿಪಿ, ಇಪಿಡಿಎಂ, ಟಿ 20 ಅಥವಾ ಟಿಡಿ 20 ಎಂಬಂತೆ. ಪಿಪಿ ಎಂದರೆ ಪಾಲಿಪ್ರೊಪಿಲೀನ್. ಇಪಿಡಿಎಂ ಒಂದು ಬಗೆಯ ರಬ್ಬರ್. ಟಿ 20 ಎಂದರೆ ನೂರಕ್ಕೆ 20 ಪಾಲು ಟಾಲ್ಕ್, ಅಂದರೆ ಮುಖಕ್ಕೆ ಹಚ್ಚುವ ಪೌಡರಿನ ಅದೇ ಖನಿಜ. ಪ್ಲಾಸ್ಟಿಕ್ ಬಿಸಿಲಿಗೆ ಸೊಟ್ಟಗಾಗದಂತೆ ಟಾಲ್ಕ್ ನೋಡಿಕೊಳ್ಳುತ್ತದೆ, ಹೊಡೆತಕ್ಕೆ ಗಾಜಿನಂತೆ ಒಡೆಯದಂತೆ ರಬ್ಬರ್ ನೋಡಿಕೊಳ್ಳುತ್ತದೆ.

ಈ ಪಾಲಿಪ್ರೊಪಿಲೀನ್ ನಿಮಗೆ ಹೊಸದಲ್ಲ. ಸಿಮೆಂಟ್ ಚೀಲದ ನೇಯ್ಗೆ, ಪ್ಲಾಸ್ಟಿಕ್ ಕುರ್ಚಿ, ಅಡುಗೆಮನೆಯ ಡಬ್ಬಿ ಎಲ್ಲದರಲ್ಲೂ ಅದೇ. ಡಬ್ಬಿಯ ತಳದಲ್ಲಿ ತ್ರಿಕೋನದೊಳಗೆ 5 ಎಂದಿದ್ದರೆ ಅದು ಪಿಪಿ. ಇಟಲಿಯ ಜೂಲಿಯೊ ನಟ್ಟಾ 1954ರಲ್ಲಿ ಇದನ್ನು ಗಟ್ಟಿ ರೂಪದಲ್ಲಿ ತಯಾರಿಸುವ ಬಗೆ ಕಂಡುಕೊಂಡರು. 1963ರಲ್ಲಿ ಕಾರ್ಲ್ ಝೀಗ್ಲರ್ ಜೊತೆ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು.

ಇದು ಬಿಸಿ ಮಾಡಿದರೆ ಮೆತ್ತಗಾಗುವ, ತಣಿದರೆ ಮತ್ತೆ ಗಟ್ಟಿಯಾಗುವ ಜಾತಿಯ ಪ್ಲಾಸ್ಟಿಕ್. ಬೆಲ್ಲದ ಪಾಕ ಇದ್ದಂತೆ. ಫೈಬರ್ ಗ್ಲಾಸ್ ಹಾಗಲ್ಲ. ಅದು ಬೆಂದ ರೊಟ್ಟಿಯಂತೆ, ಮತ್ತೆ ಕಾಯಿಸಿದರೆ ಸುಡುತ್ತದೆಯೇ ಹೊರತು ಹಿಟ್ಟಾಗುವುದಿಲ್ಲ. ಆದ್ದರಿಂದ ಹೊರಗಿನಿಂದ ತಂದು ಹಾಕಿಸಿದ ಫೈಬರ್ ಗ್ಲಾಸ್ ಬಾಡಿ ಕಿಟ್ ಇದ್ದರೆ ಬಿಸಿನೀರಿನಿಂದ ಏನೂ ಆಗದು.

ಹಾಗಾದರೆ ಬಿಸಿನೀರು ಹೇಗೆ ಕೆಲಸ ಮಾಡುತ್ತದೆ?

ಪ್ಲಾಸ್ಟಿಕ್ ಎಂದರೆ ಉದ್ದುದ್ದ ಅಣುಸರಪಳಿಗಳ ಗಂಟು. ದಾರದ ಉಂಡೆ ಸಿಕ್ಕುಗಟ್ಟಿದಂತೆ ಅವು ಒಂದರೊಳಗೊಂದು ಸಿಲುಕಿಕೊಂಡಿರುತ್ತವೆ. ಕಾರ್ಖಾನೆಯಲ್ಲಿ ಅಚ್ಚಿನೊಳಗೆ ಬಿಸಿ ಪ್ಲಾಸ್ಟಿಕ್ ತುಂಬಿ ತಣಿಸಿದಾಗ ಈ ಗಂಟಿಗೆ ಒಂದು ಆಕಾರ ಸಿಗುತ್ತದೆ. ಟ್ರೇಲರ್ ತಾಗಿ ಬಂಪರ್ ಒಳಗೆ ಹೋದಾಗ ಸರಪಳಿಗಳು ಎಳೆದಂತಾಗುತ್ತವೆ, ಆದರೆ ಗಂಟು ಬಿಚ್ಚಿರುವುದಿಲ್ಲ. ಅವಕ್ಕೆ ಮೊದಲಿನ ಆಕಾರಕ್ಕೆ ಮರಳುವ ಸೆಳೆತ ಇರುತ್ತದೆ. ತಣ್ಣಗಿರುವಾಗ ಆ ಸೆಳೆತಕ್ಕೆ ಪ್ಲಾಸ್ಟಿಕ್‌ನ ಗಟ್ಟಿತನವೇ ಅಡ್ಡಿ. ಬಿಸಿ ಮಾಡಿದರೆ ಗಟ್ಟಿತನ ಇಳಿಯುತ್ತದೆ, ಸರಪಳಿಗಳು ಜಾರಾಡತೊಡಗುತ್ತವೆ, ಹಿಂದಿನಿಂದ ಸ್ವಲ್ಪ ಒತ್ತಿದರೆ ನೆಗ್ಗು ಹೊರಬರುತ್ತದೆ.

ಪಾಲಿಪ್ರೊಪಿಲೀನ್ ಕರಗುವುದು ಸುಮಾರು 160 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕುದಿಯುವ ನೀರು 100 ಡಿಗ್ರಿಯನ್ನು ದಾಟುವುದೇ ಇಲ್ಲ. ಸಮುದ್ರಮಟ್ಟಕ್ಕಿಂತ 600 ಮೀಟರ್‌ಗೂ ಎತ್ತರದಲ್ಲಿರುವ ಸವದತ್ತಿ ಸೀಮೆಯಲ್ಲಿ ನೀರು ಸುಮಾರು 98 ಡಿಗ್ರಿಗೇ ಕುದಿಯುತ್ತದೆ. ನೀರಿನ ಉಪಾಯದ ಒಳ್ಳೆಯತನ ಇರುವುದು ಇಲ್ಲೇ. ಎಷ್ಟು ಸುರಿದರೂ ಪ್ಲಾಸ್ಟಿಕ್ ಕರಗುವಷ್ಟು ಬಿಸಿಯಾಗದು, ಬಣ್ಣ ಗುಳ್ಳೆ ಏಳದು. ಬಣ್ಣ ಸುಲಿಯುವ ಹೀಟ್ ಗನ್ ಅಥವಾ ಗ್ಯಾಸ್ ಟಾರ್ಚ್ ಹಿಡಿದರೆ ಈ ರಕ್ಷಣೆ ಇಲ್ಲ. ಅವು ನೂರಾರು ಡಿಗ್ರಿಗೆ ಹೋಗುತ್ತವೆ, ಅರ್ಧ ನಿಮಿಷದಲ್ಲಿ ಬಣ್ಣ ಉಬ್ಬಿ ಬಂಪರ್ ಜೋಲುತ್ತದೆ. ವಿಡಿಯೊ ನೋಡಿ ಕೈಗೆ ಸಿಕ್ಕ ಗ್ಯಾಸ್ ಟಾರ್ಚ್ ಹಿಡಿಯುವವರಿಗೆ ನಾವು ಹೇಳುವುದು ಒಂದೇ: ದಯವಿಟ್ಟು ಬೇಡ.

ಕೊನೆಗೆ ತಣ್ಣೀರು ಸುರಿಯುವುದೂ ಮಂತ್ರವಲ್ಲ. ಹೊರಬಂದ ಆಕಾರದಲ್ಲೇ ಬೇಗ ಗಟ್ಟಿಯಾಗಲಿ ಎಂದು ಅಷ್ಟೆ. ಐಸ್ ಬೇಕಿಲ್ಲ, ಕೊಡದ ನೀರು ಸಾಕು. ಕೈಯಿಂದ ಒತ್ತಿ ಹಿಡಿದು ತಾನಾಗಿ ತಣಿಯಲು ಬಿಟ್ಟರೂ ನಡೆಯುತ್ತದೆ.

ಯಾವ ನೆಗ್ಗು ಬರುತ್ತದೆ, ಯಾವುದು ಬರುವುದಿಲ್ಲ? ಬಟ್ಟಲಿನಂತೆ ದುಂಡಗೆ ಒಳಗೆ ಹೋಗಿದ್ದರೆ ಬರುತ್ತದೆ. ಕಾಗದ ಮಡಿಚಿದಂತೆ ಚೂಪಾದ ಗೆರೆ ಬಿದ್ದಿದ್ದರೆ ಪೂರ್ತಿ ಬರದು. ಒಳಬದಿಯಲ್ಲಿ ಬಿಳಿ ಗೆರೆ ಕಂಡರೆ ಅಲ್ಲಿ ಪ್ಲಾಸ್ಟಿಕ್ ಸೂಕ್ಷ್ಮವಾಗಿ ಹರಿದಿದೆ ಎಂದೇ ಅರ್ಥ. ನೆಗ್ಗು ಹೊರಬಂದರೂ ಆ ಗೆರೆ ಉಳಿಯುತ್ತದೆ, ಮುಂದೊಂದು ದಿನ ಅಲ್ಲೇ ಸೀಳಬಹುದು. ಹಿಂದೆ ಪುಟ್ಟಿ ಹಾಕಿ ಬಣ್ಣ ಹೊಡೆಸಿದ ಬಂಪರ್ ಆಗಿದ್ದರೆ ಪ್ಲಾಸ್ಟಿಕ್ ಬಾಗುತ್ತದೆ, ಪುಟ್ಟಿ ಬಾಗುವುದಿಲ್ಲ, ಚಕ್ಕೆ ಎದ್ದು ಬರುತ್ತದೆ.

ಇನ್ನು ಬಾಗಿಲು, ಬಾನೆಟ್. ಇದೇ ಬಿಸಿನೀರನ್ನು ಬಾಗಿಲಿಗೂ ಸುರಿದು ತೋರಿಸುವ ವಿಡಿಯೊಗಳಿವೆ. ಬಾಗಿಲು ಉಕ್ಕಿನ ತಗಡು. ಉಕ್ಕು ಮೆತ್ತಗಾಗಲು ನೂರಾರು ಡಿಗ್ರಿ ಬೇಕು, ಕುದಿಯುವ ನೀರು ಅದಕ್ಕೆ ಉಗುರುಬೆಚ್ಚಗಿನ ಸ್ನಾನ ಇದ್ದಂತೆ. ಹಾಗಾಗಿ ತಗಡಿನ ನೆಗ್ಗಿಗೆ ಈ ಉಪಾಯ ಸುಳ್ಳು.

ಮಾಡುವುದಾದರೆ ಹೀಗೆ ಮಾಡಿ. ಎಂಜಿನ್ ಪೂರ್ತಿ ತಣಿದಿರಲಿ, ಕೀ ತೆಗೆದಿರಲಿ. ಬಿಸಿ ಎಂಜಿನ್ನಿನ ರೇಡಿಯೇಟರ್ ಫ್ಯಾನ್ ಕಾರು ಬಂದ್ ಆದ ಮೇಲೂ ತಿರುಗಬಹುದು, ಮುಂದಿನ ಬಂಪರ್ ಹಿಂದೆ ಕೈ ಹಾಕಿದವರ ಬೆರಳು ಹೋಗುತ್ತದೆ. ಸುರಿಯುವವರು ಒಬ್ಬರು, ಒತ್ತುವವರು ಇನ್ನೊಬ್ಬರು ಇದ್ದರೆ, ಸುರಿದು ಪಾತ್ರೆ ಕೆಳಗಿಟ್ಟ ಮೇಲೆಯೇ ಒತ್ತುವವರು ಕೈ ಹಾಕಬೇಕು. ದಪ್ಪ ರಬ್ಬರ್ ಕೈಗವಸು, ಮುಚ್ಚಿದ ಚಪ್ಪಲಿ ಇರಲಿ, ಮಕ್ಕಳು ದೂರ ಇರಲಿ. ಎರಡು ಮೂರು ಲೀಟರನ್ನು ನಿಧಾನವಾಗಿ, ನೆಗ್ಗಿನ ಸುತ್ತಲಿನ ಅಂಚಿಗೂ ತಾಗುವಂತೆ ಸುರಿಯಿರಿ. ನೆಗ್ಗನ್ನು ಹಿಡಿದಿಟ್ಟಿರುವುದೇ ಅದರ ಅಂಚು. ಲೈಟಿನ ಮೇಲೆ, ಪಾರ್ಕಿಂಗ್ ಸೆನ್ಸರ್ ಮೇಲೆ ನೇರ ಸುರಿಯಬೇಡಿ. ಮುಷ್ಟಿಯಿಂದ ಗುದ್ದುವ ಬದಲು ಅಂಗೈಯಿಂದ ಒತ್ತಿ.

ಅಕಸ್ಮಾತ್ ಕೈಗೆ ಬಿಸಿನೀರು ಬಿದ್ದರೆ ಸುಟ್ಟ ಜಾಗವನ್ನು 20 ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿಯಿರಿ. ಟೂತ್‌ಪೇಸ್ಟ್, ಅರಿಸಿನ, ಇಂಕು, ಐಸ್ ಯಾವುದೂ ಬೇಡ. ಬೊಬ್ಬೆ ದೊಡ್ಡದಾಗಿದ್ದರೆ ಆಸ್ಪತ್ರೆಗೆ ಹೋಗಿ. ಟೂತ್‌ಪೇಸ್ಟಿನ ವಿಷಯ ಬಂದಿದ್ದರಿಂದ ಅದನ್ನೂ ಮುಗಿಸಿಬಿಡೋಣ: ಅದರಲ್ಲಿ ಹಲ್ಲು ಉಜ್ಜುವ ನುಣುಪು ಪುಡಿ ಇರುತ್ತದೆ, ಮೇಲಿನ ಪಾರದರ್ಶಕ ಪದರದ ತೀರ ತೆಳು ಗೀರನ್ನು ಅದು ಸ್ವಲ್ಪ ಮಂಕಾಗಿಸುತ್ತದೆ. ಉಗುರು ಸಿಕ್ಕಿಹಾಕಿಕೊಳ್ಳುವಷ್ಟು ಆಳದ ಗೀರಿಗೆ ಏನೂ ಮಾಡದು.

ಸೂಪರ್ ಗ್ಲೂ ಮತ್ತು ಸೋಡಾ: ಗಟ್ಟಿಯಾಗುತ್ತದೆ, ಆದರೆ ಹಿಡಿಯುವುದಿಲ್ಲ

ವಿಡಿಯೊದಲ್ಲಿ ಅಂಟಿಗೆ ಸೋಡಾ ಬಿದ್ದ ಕ್ಷಣವೇ ಅದು ಕಲ್ಲಿನಂತಾಗುವುದು ಸುಳ್ಳಲ್ಲ. ಸೂಪರ್ ಗ್ಲೂ ಎಂದರೆ ಸಯನೋಅಕ್ರಿಲೇಟ್. ಗಾಳಿಯ ತೇವ ತಾಗಿದರೆ ಅದು ಗಟ್ಟಿಯಾಗುತ್ತದೆ, ಕ್ಷಾರಗುಣದ ಸೋಡಾ ಆ ಕ್ರಿಯೆಯನ್ನು ಇನ್ನೂ ಬೇಗ ಮಾಡಿಸುತ್ತದೆ. ಪ್ರಶ್ನೆ ಇರುವುದು ಆ ಕಲ್ಲು ಬಂಪರನ್ನು ಹಿಡಿದುಕೊಳ್ಳುತ್ತದೆಯೇ ಎಂಬುದರಲ್ಲಿ.

ಒಂದು ಹನಿ ನೀರನ್ನು ಗಾಜಿನ ಮೇಲೆ ಬಿಡಿ, ಹರಡಿಕೊಳ್ಳುತ್ತದೆ. ಪಿಪಿ ಡಬ್ಬಿಯ ಮೇಲೆ ಬಿಡಿ, ಕೆಸುವಿನೆಲೆಯ ಮೇಲಿನಂತೆ ಗುಂಡಗೆ ನಿಲ್ಲುತ್ತದೆ. ಪಾಲಿಪ್ರೊಪಿಲೀನ್‌ನ ಮೈಯಲ್ಲಿ ಅಂಟು ಕೈ ಹಿಡಿಯಲು ಬೇಕಾದ ರಾಸಾಯನಿಕ ಕೊಂಡಿಗಳಿಲ್ಲ. ಪಾಲಿಥಿನ್ ಅದರ ಹತ್ತಿರದ ಸಂಬಂಧಿ. ಸೂಪರ್ ಗ್ಲೂ ತುಂಬಿಡುವ ಚಿಕ್ಕ ಪ್ಲಾಸ್ಟಿಕ್ ಬಾಟಲಿಗಳು ಸಾಮಾನ್ಯವಾಗಿ ಪಾಲಿಥಿನ್‌ನವೇ, ಅಂಟು ತನ್ನ ಬಾಟಲಿಗೇ ಅಂಟುವುದಿಲ್ಲ ಎಂಬ ಕಾರಣಕ್ಕೆ. ಅಂಥ ಅಂಟು ಬಂಪರನ್ನು ಹಿಡಿಯುತ್ತದೆಂದು ನಂಬುವುದು ಹೇಗೆ? ಅಲ್ಲದೆ ಬಂಪರ್ ಬಾಗುವ ವಸ್ತು, ಒಣಗಿದ ಸೂಪರ್ ಗ್ಲೂ ಬಾಗದ ವಸ್ತು. ಉಬ್ಬು ತಗ್ಗಿನ ರಸ್ತೆಯಲ್ಲಿ ನಾಲ್ಕು ದಿನ ಓಡಿಸಿದರೆ ಪಟ್ಟಿಯಂತೆ ಎದ್ದು ಬರುತ್ತದೆ. ಪಿಪಿಗಾಗಿಯೇ ಇರುವ ಪ್ರೈಮರ್ ಹಚ್ಚಿ, ನಂತರ ಅಂಟು ಹಾಕುವ ವಿಧಾನ ಬೇರೆ ಇದೆ. ಅದು ಕೆಲಸ ಮಾಡುತ್ತದೆ, ಆದರೆ ವಿಡಿಯೊದಲ್ಲಿ ಅದರ ಸುದ್ದಿಯೇ ಇಲ್ಲ.

ಇನ್ನೊಂದು ಅಪಾಯವನ್ನು ಒತ್ತಿ ಹೇಳಬೇಕು. ಕೆಲವು ವಿಡಿಯೊಗಳಲ್ಲಿ ಸೋಡಾದ ಬದಲು ಹತ್ತಿ ತುಂಬಿ ಮೇಲೆ ಗ್ಲೂ ಸುರಿಯುತ್ತಾರೆ. ಸೂಪರ್ ಗ್ಲೂ ಹತ್ತಿಯ ಜೊತೆ ಸೇರಿದರೆ ಬಹಳ ಬೇಗ ಗಟ್ಟಿಯಾಗಿ ವಿಪರೀತ ಬಿಸಿ ಹೊರಹಾಕುತ್ತದೆ, ಹೊಗೆಯೂ ಏಳುತ್ತದೆ. ಹತ್ತಿಯ ಕೈಗವಸು ಅಥವಾ ಬಟ್ಟೆಯ ಮೇಲೆ ಚೆಲ್ಲಿ ಚರ್ಮ ಸುಟ್ಟುಕೊಂಡ ಉದಾಹರಣೆಗಳು ವೈದ್ಯಕೀಯ ದಾಖಲೆಗಳಲ್ಲಿವೆ.

ಕೊಡ ಬೆಸೆಯುವವರಿಗೆ ಗೊತ್ತಿರುವ ವಿದ್ಯೆ

ಒಡೆದ ಬಂಪರಿಗೆ ಸರಿಯಾದ ಮದ್ದು ಅಂಟಲ್ಲ, ಬೆಸುಗೆ. ಈ ವಿದ್ಯೆ ನಮ್ಮ ಹಳ್ಳಿಗಳಿಗೆ ಹೊಸದಲ್ಲ. "ಪ್ಲಾಸ್ಟಿಕ್ ಕೊಡ ರಿಪೇರಿ" ಎಂದು ಕೂಗುತ್ತಾ ಓಣಿಗೆ ಬರುವವರನ್ನು ನೀವು ನೋಡಿರುತ್ತೀರಿ. ಕಬ್ಬಿಣದ ಸಲಾಕೆ ಕಾಯಿಸಿ, ಹಳೆಯ ಪ್ಲಾಸ್ಟಿಕ್ ತುಂಡನ್ನು ಕರಗಿಸಿ ಬಿರುಕಿಗೆ ಮೆತ್ತುತ್ತಾರೆ. ಪೇಟೆಯ ಗ್ಯಾರೇಜಿನ ಪ್ಲಾಸ್ಟಿಕ್ ವೆಲ್ಡಿಂಗ್ ಇದರ ಅಚ್ಚುಕಟ್ಟಾದ ರೂಪ ಅಷ್ಟೆ. ಎರಡೂ ಕಡೆಯ ಪ್ಲಾಸ್ಟಿಕ್ ಕರಗಿದಾಗ ಅಣುಸರಪಳಿಗಳು ಒಂದರೊಳಗೊಂದು ನುಗ್ಗುತ್ತವೆ, ತಣಿದಾಗ ಮತ್ತೆ ಗಂಟಾಗುತ್ತವೆ. ಅಂಟಿನಂತೆ ಮೈಮೇಲೆ ಕೂರುವುದಲ್ಲ, ಒಳಗೇ ಬೆರೆಯುವುದು.

ಬೆರೆಯಬೇಕಾದರೆ ಜಾತಿ ಒಂದೇ ಇರಬೇಕು. ಇಲ್ಲಿ ಮಾತ್ರ ಜಾತಿ ನೋಡಲೇಬೇಕು! ಪಿಪಿಗೆ ಪಿಪಿಯೇ ಆಗಬೇಕು. ನೋಡಲು ಒಂದೇ ಥರ ಇರುವ ಎಚ್‌ಡಿಪಿಇ, ಅಂದರೆ ತ್ರಿಕೋನದೊಳಗೆ 2 ಎಂದಿರುವ ಪ್ಲಾಸ್ಟಿಕ್, ಪಿಪಿಯ ಜೊತೆ ಸರಿಯಾಗಿ ಬೆರೆಯುವುದಿಲ್ಲ. ಎಲ್ಲಕ್ಕಿಂತ ಒಳ್ಳೆಯದು ಅದೇ ಬಂಪರಿನ ಒಡೆದ ಚೂರು, ಇಲ್ಲವೇ ಗ್ಯಾರೇಜಿನ ಮೂಲೆಯಲ್ಲಿ ಬಿದ್ದಿರುವ ಅದೇ ಗುರುತಿನ ಹಳೆಯ ಬಂಪರಿನ ಪಟ್ಟಿ. ಚೂರನ್ನು ನೀರಿಗೆ ಹಾಕಿ, ತೇಲಿದರೆ ಪಿಪಿ ಎನ್ನುವ ಪರೀಕ್ಷೆಯೊಂದು ಓಡಾಡುತ್ತಿದೆ. ಟಾಲ್ಕ್ ಸೇರದ ಪಿಪಿ ತೇಲುತ್ತದೆ, ನಿಜ. ಆದರೆ ನೂರಕ್ಕೆ 20 ಪಾಲು ಟಾಲ್ಕ್ ಇದ್ದರೆ ಅದರ ಸಾಂದ್ರತೆ ನೀರಿಗಿಂತ ತುಸು ಹೆಚ್ಚಾಗಿ ಮುಳುಗಬಹುದು. ಎಚ್‌ಡಿಪಿಇ ಕೂಡ ತೇಲುತ್ತದೆ. ಹಾಗಾಗಿ ನೀರನ್ನು ನಂಬಬೇಡಿ, ಒಳಬದಿಯ ಅಕ್ಷರ ಓದಿ.

ಮನೆಯಲ್ಲಿ 60 ವ್ಯಾಟ್‌ನ ಅಗಲ ಮೂತಿಯ ಸೋಲ್ಡರಿಂಗ್ ಐರನ್ ಇದ್ದರೆ ಒಂದು ಗೇಣಿನೊಳಗಿನ ಬಿರುಕನ್ನು ಬೆಸೆಯಬಹುದು. ಮೊದಲು ಬಿರುಕಿನ ತುದಿ ಹುಡುಕಿ ಅಲ್ಲಿ 3 ಮಿಲಿಮೀಟರ್‌ನ ಒಂದು ತೂತು ಕೊರೆಯಿರಿ. ವಿಚಿತ್ರ ಎನಿಸಬಹುದು, ಬಿರುಕು ಬಿಟ್ಟಿದ್ದಕ್ಕೆ ಇನ್ನೊಂದು ತೂತೇ? ಬಿರುಕಿನ ಚೂಪು ತುದಿಯಲ್ಲಿ ಒತ್ತಡವೆಲ್ಲ ಒಂದೇ ಬಿಂದುವಿನಲ್ಲಿ ಸೇರಿರುತ್ತದೆ, ಅದಕ್ಕೇ ಅದು ಮುಂದೆ ಓಡುತ್ತದೆ. ದುಂಡು ತೂತು ಆ ಒತ್ತಡವನ್ನು ಹಂಚಿಬಿಡುತ್ತದೆ. ನಂತರ ಹೊರಬದಿಗೆ ಟೇಪ್ ಹಚ್ಚಿ ಎರಡೂ ಅಂಚನ್ನು ಸಮ ಮಾಡಿ, ಒಳಬದಿಯ ಕೊಳೆ, ಗ್ರೀಸ್ ತೊಳೆದು ಒಣಗಿಸಿ. ಒಳಬದಿಯಲ್ಲಿ ಬಿರುಕಿನುದ್ದಕ್ಕೂ ದಪ್ಪದ ಅರ್ಧದವರೆಗೆ ಇಳಿಜಾರು ಕಾಲುವೆ ತೆಗೆದು, ಪಟ್ಟಿಯನ್ನು ಕರಗಿಸುತ್ತಾ ತುಂಬಿ. ಬರೀ ಮೇಲೆ ಮೆತ್ತಿದರೆ ಸಾಲದು, ಕೆಳಗಿನ ಪ್ಲಾಸ್ಟಿಕ್ ಕೂಡ ಕರಗಿ ಹೊಳೆಯಬೇಕು. ಹೊಗೆ ಬಂದರೆ, ಕಂದು ಬಣ್ಣಕ್ಕೆ ತಿರುಗಿದರೆ ಬಿಸಿ ಹೆಚ್ಚಾಯಿತು, ಪ್ಲಾಸ್ಟಿಕ್ ಸುಟ್ಟಿತು. ಸುಟ್ಟ ಜಾಗಕ್ಕೆ ಬಲವಿಲ್ಲ. ಬಿರುಕಿಗೆ ಅಡ್ಡಲಾಗಿ ತುಕ್ಕು ಹಿಡಿಯದ ಸ್ಟೀಲ್ ಜಾಲರಿಯ ತುಂಡು ಅಥವಾ ಸ್ಟೀಲ್ ಪಿನ್ನು ಹುದುಗಿಸಿ ಮೇಲೆ ಪ್ಲಾಸ್ಟಿಕ್ ಮುಚ್ಚಿದರೆ ಇನ್ನೂ ಗಟ್ಟಿ. ಆಫೀಸಿನ ಸ್ಟೇಪ್ಲರ್ ಪಿನ್ನು ತುಕ್ಕು ಹಿಡಿಯುತ್ತದೆ. ಇದೆಲ್ಲ ಬಯಲಿನಲ್ಲಿ ಕೂತು ಮಾಡುವ ಕೆಲಸ, ಅಡುಗೆಮನೆಯಲ್ಲಲ್ಲ.

ಹೆಡ್‌ಲೈಟ್ ಪಕ್ಕದ ಲಾಕ್‌ಗಳು, ಬಂಪರನ್ನು ಹಿಡಿದಿಡುವ ಕಿವಿಗಳು ಪೂರ್ತಿ ಮುರಿದಿದ್ದರೆ ನಮ್ಮ ಸಲಹೆ ಮನೆಯ ಬೆಸುಗೆ ಬೇಡ ಎಂದೇ. ಅವುಗಳ ಮೇಲೆ ಸದಾ ಭಾರ ಬೀಳುತ್ತದೆ, ಹೆದ್ದಾರಿಯಲ್ಲಿ ಕಳಚಿದರೆ ಹಿಂದೆ ಬರುವ ಬೈಕಿನವರ ಜೀವಕ್ಕೆ ಅಪಾಯ.

ಬಿಚ್ಚುವ ಮೊದಲು ಹಳದಿ ಬಣ್ಣ ನೋಡಿ

ಒಳಬದಿಗೆ ಬೆಸುಗೆ ಹಾಕಬೇಕೆಂದರೆ ಹೊದಿಕೆ ಬಿಚ್ಚಲೇಬೇಕು. ಒಂದೊಂದು ಕಾರಿನ ಒಳಜೋಡಣೆ ಒಂದೊಂದು ಥರ, ಆದರೆ ಸಣ್ಣ ಕಾರುಗಳಲ್ಲಿ ಸಾಮಾನ್ಯ ಕ್ರಮ ಹೆಚ್ಚುಕಡಿಮೆ ಒಂದೇ. ಬಾನೆಟ್ ಎತ್ತಿದರೆ ಮೇಲಿನ ಅಂಚಿನಲ್ಲಿ ಪ್ಲಾಸ್ಟಿಕ್ ಕ್ಲಿಪ್‌ಗಳ ಸಾಲು, ಇಲ್ಲವೇ 10 ನಂಬರ್ ಪಾನಾಕ್ಕೆ ಸಿಗುವ ಬೋಲ್ಟ್‌ಗಳು. ಎರಡೂ ಚಕ್ರದ ಕಮಾನಿನೊಳಗೆ ಒಂದೊಂದು ಎರಡೆರಡು ಸ್ಕ್ರೂ. ಕೆಳಗೆ ಮತ್ತಷ್ಟು ಕ್ಲಿಪ್. ಕ್ಲಿಪ್‌ನ ನಡುವಿನ ಚಿಕ್ಕ ಗುಂಡಿಯನ್ನು ಮೊದಲು ಚಪ್ಪಟೆ ಸ್ಕ್ರೂಡ್ರೈವರ್‌ನಿಂದ ಎತ್ತಬೇಕು, ಆಮೇಲೆ ಇಡೀ ಕ್ಲಿಪ್ ಬರುತ್ತದೆ. ಗುಂಡಿ ಎತ್ತದೆ ಕಿತ್ತರೆ ಮುರಿಯುತ್ತದೆ. ಎಲ್ಲ ಬಿಚ್ಚಿದ ಮೇಲೂ ಬಂಪರ್ ಬರದಿದ್ದರೆ ಜಗ್ಗಾಡಬೇಡಿ, ಎಲ್ಲೋ ಒಂದು ಸ್ಕ್ರೂ ಉಳಿದಿದೆ. ಕೊನೆಗೆ ಚಕ್ರದ ಕಡೆಯ ಮೂಲೆಯನ್ನು ಹೊರಗೆ ಎಳೆದು ಲಾಕ್ ಒಂದೊಂದಾಗಿ ಬಿಡಿಸಿಕೊಂಡು ಬರಬೇಕು. ಇದಕ್ಕೆ ಇಬ್ಬರು ಬೇಕು. ಒಬ್ಬರೇ ಮಾಡಿದರೆ ಫಾಗ್ ಲ್ಯಾಂಪ್‌ನ ವೈರು ಜೋತು ಹರಿಯುತ್ತದೆ. ಪ್ರತಿ ಹಂತದಲ್ಲೂ ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಿ.

ಎರಡು ವಿಷಯಗಳಲ್ಲಿ ಮಾತ್ರ ಸಲುಗೆ ಬೇಡ. ಒಂದು, ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ನುಸುಳಬೇಡಿ. ಸ್ಟೆಪ್ನಿ ಬದಲಿಸಲು ಕೊಟ್ಟ ಜಾಕ್ ಮನುಷ್ಯನನ್ನು ಕಾಪಾಡಲು ಕೊಟ್ಟದ್ದಲ್ಲ. ಚಕ್ರದ ಕಮಾನಿನ ಸ್ಕ್ರೂ ಬಿಚ್ಚಲು ಸ್ಟೀರಿಂಗ್ ಒಂದು ಕಡೆ ಪೂರ್ತಿ ತಿರುಗಿಸಿದರೆ ಜಾಗ ಸಿಗುತ್ತದೆ.

ಎರಡು, ಏರ್‌ಬ್ಯಾಗ್. 2019ರ ಜುಲೈ 1ರಿಂದ ಹೊಸ ಕಾರುಗಳಲ್ಲಿ ಚಾಲಕನ ಏರ್‌ಬ್ಯಾಗ್ ಮತ್ತು ಹಿಂದಿನ ಪಾರ್ಕಿಂಗ್ ಸೆನ್ಸರ್ ಕಡ್ಡಾಯ. ಅದರ ನಂತರದ ಕಾರು ನಿಮ್ಮದಾಗಿದ್ದರೆ ಎರಡೂ ಇರುತ್ತವೆ. ಹಲವು ಕಾರುಗಳಲ್ಲಿ ಡಿಕ್ಕಿಯನ್ನು ಗುರುತಿಸುವ ಸೆನ್ಸರ್ ಮುಂದಿನ ಬಂಪರಿನ ಹಿಂದೆ, ರೇಡಿಯೇಟರ್ ಚೌಕಟ್ಟಿನ ಬಳಿ ಇರುತ್ತದೆ. ಏರ್‌ಬ್ಯಾಗ್ ವ್ಯವಸ್ಥೆಯ ವೈರು, ಸಾಕೆಟ್‌ಗಳಿಗೆ ಸಾಮಾನ್ಯವಾಗಿ ಹಳದಿ ಬಣ್ಣ. ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ಕಳಚಿ, ಕಾರಿನ ಕೈಪಿಡಿಯಲ್ಲಿ ಹೇಳಿದಷ್ಟು ನಿಮಿಷ ಕಾಯಿರಿ. ಬ್ಯಾಟರಿ ಕಳಚಿದ ಮೇಲೂ ಏರ್‌ಬ್ಯಾಗ್ ಘಟಕದ ಕೆಪಾಸಿಟರ್‌ನಲ್ಲಿ ಸ್ವಲ್ಪ ಹೊತ್ತು ವಿದ್ಯುತ್ ಉಳಿದಿರುತ್ತದೆ. ಹಳದಿ ಸಾಕೆಟ್ ಕಂಡರೆ ಮುಟ್ಟಬೇಡಿ, ಸೆನ್ಸರ್ ಸುತ್ತ ಸುತ್ತಿಗೆ ಬಳಸಬೇಡಿ.

ಬಿಚ್ಚಿದ ಮೇಲೆ ರಿಪೇರಿಗೆ ಅವಸರ ಮಾಡದೆ ಒಳಗೆ ಕಣ್ಣು ಹಾಯಿಸಿ. ಅಡ್ಡಪಟ್ಟಿ ಬಾಗಿದೆಯೇ, ದಿಂಬು ಪುಡಿಯಾಗಿದೆಯೇ, ರೇಡಿಯೇಟರ್ ಬಳಿ ಹಸಿರು ಅಥವಾ ಗುಲಾಬಿ ಬಣ್ಣದ ನೀರು ಸೋರಿದೆಯೇ, ಬಾನೆಟ್‌ನ ಸಂದು ಒಂದು ಕಡೆ ಹೆಚ್ಚಾಗಿದೆಯೇ ನೋಡಿ. ಪ್ಲಾಸ್ಟಿಕ್ ಹೊದಿಕೆ ಹೊಡೆತ ತಿಂದು ತಾನು ಮೊದಲಿನಂತಾಗಿ ಒಳಗಿನ ಪೆಟ್ಟನ್ನು ಮುಚ್ಚಿಹಾಕಬಲ್ಲದು. ಬಿಸಿನೀರಿನ ವಿಡಿಯೊದ ದೊಡ್ಡ ಕೊರತೆ ಇದೇ ಎಂಬುದು ನಮ್ಮ ಅಭಿಪ್ರಾಯ. ಇವುಗಳಲ್ಲಿ ಒಂದು ಕಂಡರೂ ಗ್ಯಾರೇಜೇ ಗತಿ. ಬಂಪರ್ ಅಥವಾ ಗ್ರಿಲ್ ಹಿಂದೆ ರೇಡಾರ್ ಇರುವ ಹೊಸ ಕಾರುಗಳಿಗೂ ಅಷ್ಟೆ. ಅಲ್ಲಿ ಪುಟ್ಟಿಯ ಪದರವೇ ರೇಡಾರ್‌ಗೆ ಅಡ್ಡಿಯಾಗಬಹುದು.

ಇನ್ಶೂರೆನ್ಸ್ ಇದೆಯಲ್ಲ, ಕ್ಲೇಮ್ ಮಾಡಿದರಾಯಿತು?

ಲೆಕ್ಕ ಹಾಕಿ ನೋಡೋಣ. ಸಾಮಾನ್ಯ ಸಮಗ್ರ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳ ಬೆಲೆಯಲ್ಲಿ ನೂರಕ್ಕೆ 50ರಷ್ಟು ಸವಕಳಿ ಕಳೆಯುತ್ತಾರೆ. 1500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೇಮಿನಲ್ಲಿ 1000 ರೂಪಾಯಿ ನಾವೇ ಭರಿಸಬೇಕು. ಬಂಪರ್ ಬೆಲೆ 6000 ರೂಪಾಯಿ ಎಂದಿಟ್ಟುಕೊಳ್ಳಿ. ಸವಕಳಿ ಕಳೆದು 3000, ನಮ್ಮ ಪಾಲು ಕಳೆದು ಕೈಗೆ ಬರುವುದು 2000. ಈಗ ಇನ್ನೊಂದು ಕಡೆ ನೋಡಿ. ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ 20, 25, 35, 45, 50 ಶೇಕಡಾ ಎಂದು ಏರುತ್ತಾ ಹೋಗುತ್ತದೆ. ಒಂದು ಕ್ಲೇಮ್ ಆದರೆ ಮುಂದಿನ ವರ್ಷ ಅದು ಸೊನ್ನೆ. ಸ್ವಂತ ಹಾನಿಯ ಪ್ರೀಮಿಯಂ 8000 ಇದ್ದು, ಮುಂದಿನ ವರ್ಷ 45 ಶೇಕಡಾ ಸಿಗಬೇಕಿದ್ದರೆ ಕಳೆದುಕೊಳ್ಳುವುದು 3600 ರೂಪಾಯಿ. 2000 ಪಡೆಯಲು 3600 ಕೊಟ್ಟಂತೆ. ಬಣ್ಣದ ಕೆಲಸದ ಹಣ ಸ್ವಲ್ಪ ಸೇರಿದರೂ ಸಣ್ಣ ಪೆಟ್ಟಿಗೆ ಕ್ಲೇಮ್ ಅನೇಕ ಸಲ ನಷ್ಟವೇ. ಸವಕಳಿ ಕಳೆಯದ 'ಝೀರೊ ಡೆಪ್' ಪಾಲಿಸಿಯಾದರೆ, ಅಥವಾ ಲೈಟು, ರೇಡಿಯೇಟರ್ ಕೂಡ ಹೋಗಿದ್ದರೆ ಲೆಕ್ಕ ಬೇರೆ. ಕ್ಲೇಮ್ ಮಾಡುವ ಯೋಚನೆ ಇದ್ದರೆ ಮಾತ್ರ ಬಿಸಿನೀರನ್ನೂ ಮುಟ್ಟಬೇಡಿ. ಮೊದಲು ಫೋಟೊ, ಕಂಪನಿಗೆ ಮಾಹಿತಿ, ಸರ್ವೇಯರ್ ನೋಡಿದ ಮೇಲೆಯೇ ರಿಪೇರಿ.

ಬಣ್ಣ

ಇದೊಂದನ್ನು ಮನೆಯಲ್ಲಿ ಮಾಡಬೇಡಿ ಎನ್ನುವುದು ನಮ್ಮ ಗಟ್ಟಿ ಸಲಹೆ. ಚಿಕ್ಕ ಗೀರಿಗೆ ಕಾರಿನ ಬಣ್ಣದ ಕೋಡ್ ಹೇಳಿ ತಂದ ಟಚ್ ಅಪ್ ಬಾಟಲಿಯನ್ನು ಕುಂಚದಿಂದ ಹಚ್ಚಿದರೆ ತೊಂದರೆಯಿಲ್ಲ. ಆದರೆ ಗಟ್ಟಿಕಾರಕ ಬೆರೆಸಿ ಸ್ಪ್ರೇ ಮಾಡುವ 'ಟು ಕೆ' ಬಣ್ಣಗಳಲ್ಲಿ ಐಸೊಸಯನೇಟ್ ಇರುತ್ತದೆ. ಅದರ ಮಂಜು ಉಸಿರಿಗೆ ಸೇರಿದರೆ ಅಸ್ತಮಾ ಬರಬಹುದು. ಒಮ್ಮೆ ಮೈಗೆ ಒಗ್ಗದಂತಾದರೆ ಮುಂದೆ ಚೂರು ತಾಗಿದರೂ ಉಸಿರು ಕಟ್ಟಬಹುದು. ಮುಖಕ್ಕೆ ಕಟ್ಟಿದ ಟವೆಲ್ಲು, ಬಟ್ಟೆಯ ಮಾಸ್ಕು ಅದನ್ನು ತಡೆಯುವುದಿಲ್ಲ, ಹೊರಗಿನ ಗಾಳಿ ಪೂರೈಸುವ ಮುಖಕವಚವೇ ಬೇಕು. ಗ್ಯಾರೇಜಿನಲ್ಲಿ ಬರೀ ಕರವಸ್ತ್ರ ಕಟ್ಟಿಕೊಂಡು ಸ್ಪ್ರೇ ಮಾಡುವ ಹುಡುಗರನ್ನು ಕಂಡರೆ ಈ ಪ್ಯಾರಾವನ್ನು ಅವರ ಮಾಲೀಕರಿಗೆ ಓದಿ ಹೇಳಿ. ಅಲ್ಲಿ ಬಣ್ಣ ಹೊಡೆಸುವಾಗ "ಪ್ಲಾಸ್ಟಿಕ್ ಪ್ರೈಮರ್ ಹಾಕ್ತೀರಾ?" ಎಂದು ಕೇಳುವುದನ್ನು ಮರೆಯಬೇಡಿ. ಗ್ಲೂ ಹಿಡಿಯದ ಪಿಪಿಗೆ ಬಣ್ಣವೂ ಹಿಡಿಯುವುದಿಲ್ಲ, ಪ್ರೈಮರ್ ಇಲ್ಲದ ಬಣ್ಣ ವಾಟರ್ ಸರ್ವಿಸ್‌ನ ಜೋರು ನೀರಿಗೇ ಹಾಳೆಯಂತೆ ಏಳುತ್ತದೆ. ಪಾರ್ಕಿಂಗ್ ಸೆನ್ಸರ್ ಗುಂಡಿಗಳ ಮೇಲೆ ದಪ್ಪ ಬಣ್ಣ ಬೀಳದಂತೆಯೂ ಹೇಳಿ.

ಬಂಪರ್ ಮರಳಿ ಕೂರಿಸುವಾಗ ಮೊದಲು ಎಲ್ಲ ಸಾಕೆಟ್ ಸಿಕ್ಕಿಸಿ, ಆಮೇಲೆ ಲಾಕ್, ಕೊನೆಗೆ ಸ್ಕ್ರೂ. ಬ್ಯಾಟರಿ ಜೋಡಿಸಿ ಕೀ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಕೆಲವು ಸೆಕೆಂಡು ಉರಿದು ಆರಬೇಕು. ಆರದಿದ್ದರೆ ಸರ್ವಿಸ್ ಸೆಂಟರ್‌ಗೆ ಒಯ್ಯಿರಿ. ರಿವರ್ಸ್ ಗೇರ್ ಹಾಕಿ, ಹಿಂದೆ ಬಕೆಟ್ ಇಟ್ಟು ಬೀಪ್ ಬರುತ್ತದೆಯೇ ನೋಡಿ. ಗುಡ್ಡದ ರಸ್ತೆಯಲ್ಲಿ ಹತ್ತು ಕಿಲೊಮೀಟರ್ ಓಡಿಸಿ ಬಂದು, ಮೂಲೆಗಳನ್ನು ಕೈಯಿಂದ ಒಮ್ಮೆ ಅಲುಗಿಸಿ ನೋಡಿ. ಸಡಿಲವಾದ ಕ್ಲಿಪ್ ಇದ್ದರೆ ಆಗಲೇ ಸಿಗುತ್ತದೆ.